ಏಳು ದಿನದ ವಾಯಿದೆ: ಐಫೋನಿನಲ್ಲಿ ಆಲ್ಟ್‌ಸ್ಟೋರ್ ಜೊತೆ ಮೂರು ವರ್ಷ

ಮೊದಲೇ ಹೇಳಿಬಿಡುತ್ತೇನೆ. ಆಪಲ್‌ನ ಅಂಗಡಿ ಬಿಟ್ಟು ಬೇರೆ ದಾರಿಯಲ್ಲಿ ಐಫೋನಿಗೆ ಆಪ್ ಹಾಕಿಕೊಡುವ ಆಲ್ಟ್‌ಸ್ಟೋರ್ ಒಳ್ಳೆಯ ಸಾಫ್ಟ್‌ವೇರ್. ಪುಕ್ಕಟೆ ಸಿಗುತ್ತದೆ, ಅದರ ಸೋರ್ಸ್ ಕೋಡನ್ನು ಯಾರು ಬೇಕಾದರೂ ತೆಗೆದು ನೋಡಬಹುದು. ಮೂರು ವರ್ಷದಿಂದ ನನ್ನ ಐಫೋನಿನಲ್ಲಿದೆ. ಆದರೂ ಹೆಂಡತಿಯ ಫೋನಿಗೆ ಹಾಕಿಕೊಟ್ಟಿಲ್ಲ. ಆಫೀಸಿನಲ್ಲಿ ಕೇಳಿದ ಇಬ್ಬರಿಗೂ "ಬೇಡ ಮಾರಾಯ, ಸುಮ್ನೆ ತಲೆನೋವು" ಎಂದಿದ್ದೇನೆ. ಯಾಕೆ ಅಂತ ಹೇಳುವುದಕ್ಕೆ ಇಷ್ಟುದ್ದ ಬರೆಯಬೇಕಾಯಿತು.

ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ದೇಶದಲ್ಲಿ ಐಫೋನಿಗೆ ಆಪ್ ಬೇಕೆಂದರೆ ಆಪಲ್‌ನ ಆಪ್ ಸ್ಟೋರ್ ಒಂದೇ ಬಾಗಿಲು. ಆಂಡ್ರಾಯ್ಡ್‌ನಲ್ಲಿ ಎಪಿಕೆ ಫೈಲ್ ಇಳಿಸಿ ಹಾಕಿಕೊಳ್ಳುತ್ತೇವಲ್ಲ, ಹಾಗೆ ಇಲ್ಲಿ ನಡೆಯುವುದಿಲ್ಲ. ಐಫೋನಿನ ಆಪ್ ಫೈಲ್‌ಗೆ ಐಪಿಎ ಅಂತ ಹೆಸರು. ಅದು ನಿಮ್ಮ ಕೈಯಲ್ಲೇ ಇದ್ದರೂ ಫೋನ್ ಅದನ್ನು ಮೂಸಿಯೂ ನೋಡುವುದಿಲ್ಲ. ಅದಕ್ಕೆ ಆಪಲ್ ಒಪ್ಪಿದ ಡಿಜಿಟಲ್ ಸಹಿ ಇರಬೇಕು. ಆದರೆ ಆಪಲ್ ಒಂದು ಕಿಂಡಿ ಬಿಟ್ಟಿದೆ. ಆಪ್ ಬರೆಯಲು ಕಲಿಯುವವರಿಗೆ ಅನುಕೂಲವಾಗಲಿ ಅಂತ 2015ರಿಂದ, ದುಡ್ಡು ಕಟ್ಟದವರಿಗೂ, ತಾವು ಬರೆದ ಆಪನ್ನು ತಮ್ಮ ಫೋನಿಗೆ ಹಾಕಿ ನೋಡಲು ಬಿಡುತ್ತದೆ. ಒಂದು ಆಪಲ್ ಐಡಿ ಇದ್ದರೆ ಸಾಕು. ಆದರೆ ಆ ಸಹಿಗೆ ಏಳೇ ದಿನ ಆಯಸ್ಸು. ಎಂಟನೇ ದಿನ ಆಪ್ ತೆರೆಯುವುದಿಲ್ಲ.

ರೈಲಿ ಟೆಸ್ಟಟ್ ಎಂಬ ಅಮೆರಿಕದ ಡೆವಲಪರ್ 2019ರ ಸೆಪ್ಟೆಂಬರಿನಲ್ಲಿ ಆ ಕಿಂಡಿಯೊಳಗಿಂದಲೇ ಇಡೀ ಒಂದು ಅಂಗಡಿ ತೂರಿಸಿದರು. ಅದೇ ಆಲ್ಟ್‌ಸ್ಟೋರ್. ನಿಮ್ಮ ಕಂಪ್ಯೂಟರಿನಲ್ಲಿ ಆಲ್ಟ್‌ಸರ್ವರ್ ಎಂಬ ಪುಟ್ಟ ಪ್ರೋಗ್ರಾಂ ಕೂತಿರುತ್ತದೆ. ಅದು ನಿಮ್ಮ ಪರವಾಗಿ ಆಪಲ್ ಹತ್ತಿರ ಹೋಗಿ "ಇವರು ಆಪ್ ಬರೆಯುವವರು, ಸಹಿ ಕೊಡಿ" ಎಂದು ಕೇಳುತ್ತದೆ. ಸಹಿ ಸಿಕ್ಕ ಮೇಲೆ, ಐಟ್ಯೂನ್ಸ್ ಹಾಡುಗಳನ್ನು ವೈಫೈ ಮೇಲೆ ಫೋನಿಗೆ ಕಳಿಸುವ ದಾರಿಯಿದೆಯಲ್ಲ, ಅದೇ ದಾರಿಯಲ್ಲಿ ಆಪನ್ನೂ ಕಳಿಸುತ್ತದೆ. ಏಳು ದಿನ ಮುಗಿಯುವ ಮೊದಲು ಮತ್ತೆ ಅದೇ ಕೆಲಸ. ನಿಜವಾಗಿ ನೋಡಿದರೆ ಯಾವ ಬೀಗವನ್ನೂ ಒಡೆದಿಲ್ಲ. ಕಲಿಯುವವರ ಸಾಲಿನಲ್ಲಿ ನಮ್ಮನ್ನೂ ನಿಲ್ಲಿಸಿದ್ದಾರೆ, ಅಷ್ಟೇ.

ಇದನ್ನು ಜೈಲ್‌ಬ್ರೇಕ್, ಅಂದರೆ ಆಪಲ್ ಹಾಕಿದ ಬೀಗವನ್ನೇ ಒಡೆಯುವುದು, ಅಂದುಕೊಳ್ಳುವವರು ಜಾಸ್ತಿ. ಅದು ಬೇರೆ ಕಥೆ. ಮೊದಲ ಕಾಲದ ಐಫೋನುಗಳು ಅಮೆರಿಕದಿಂದ ಯಾರದೋ ಕಸಿನ್ ಸೂಟ್‌ಕೇಸಿನಲ್ಲಿ ಬರುತ್ತಿದ್ದಾಗ, ಅವನ್ನು ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿಗೆ ಒಯ್ದು, ಮೊಣಕಾಲು ಮಡಚಿಯೂ ಕೂರಲಾಗದ ಅಂಗಡಿಯೊಂದರಲ್ಲಿ ಕೊಟ್ಟು, ಸಂಜೆ ಹೋಗಿ ತರುತ್ತಿದ್ದೆವು. ತೆರೆಯ ಮೇಲೆ ಕಂದು ಬಣ್ಣದ ಸಿಡಿಯಾ ಚಿಹ್ನೆ ಕಂಡರೆ ಕೆಲಸ ಆಯಿತು ಅಂತ ಅರ್ಥ. ಜೇ ಫ್ರೀಮನ್ 2008ರಲ್ಲಿ ಮಾಡಿದ ಅಂಗಡಿ ಅದು. ಆಗ ಫೋನಿನ ಭದ್ರತೆಯನ್ನೇ ಮುರಿಯಬೇಕಿತ್ತು. ಈಗ ಬ್ಯಾಂಕಿನ ಆಪ್ ಇರುವ ಫೋನಿನಲ್ಲಿ ಅದನ್ನು ಮಾಡುವ ಧೈರ್ಯ ನನಗಿಲ್ಲ. ಆಲ್ಟ್‌ಸ್ಟೋರ್ ಹಾಕಿದ ಮೇಲೂ ನನ್ನ ಯುಪಿಐ, ಬ್ಯಾಂಕ್ ಆಪ್‌ಗಳು ಒಂದು ದಿನವೂ ತಕರಾರು ಮಾಡಿಲ್ಲ. ನನಗೆ ಇದೇ ದೊಡ್ಡ ಪಾಯಿಂಟ್.

ನಾನು ಹಾಕಿಕೊಂಡದ್ದು ಆಟದ ಆಸೆಗೆ. ಸುಳ್ಳು ಯಾಕೆ ಹೇಳಲಿ. ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಟಿವಿಗೆ ಸಿಕ್ಕಿಸುವ ಆ ವಿಡಿಯೋ ಗೇಮ್ ನೆನಪಿರಬೇಕು. ಹಳದಿ ಕ್ಯಾಸೆಟ್ಟಿನ ಮೇಲೆ 99999 ಇನ್ 1 ಅಂತ ಬರೆದಿರುತ್ತಿತ್ತು, ಒಳಗೆ ನೋಡಿದರೆ ಹತ್ತೋ ಹದಿನೈದೋ ಆಟ ತಿರುಗಾ ಮುರುಗಾ. ಕ್ಯಾಸೆಟ್ ಓಡದಿದ್ದರೆ ಬಾಯಲ್ಲಿ ಊದಿ ಹಾಕುವುದು. ಕಾಂಟ್ರಾದಲ್ಲಿ ನಾನು ನೀಲಿ ಚಡ್ಡಿ, ಅಕ್ಕ ಕೆಂಪು ಚಡ್ಡಿ. ಅದನ್ನು ಫೋನಿನಲ್ಲಿ ಆಡಬೇಕೆಂದರೆ ಎಮ್ಯುಲೇಟರ್ ಬೇಕು, ಅಂದರೆ ಹಳೇ ಗೇಮ್ ಯಂತ್ರದ ಹಾಗೆ ನಟಿಸುವ ಆಪ್. ಆಪಲ್ ಆಗ ಎಮ್ಯುಲೇಟರುಗಳನ್ನು ಸ್ಟೋರಿನೊಳಗೆ ಬಿಡುತ್ತಿರಲಿಲ್ಲ. ಟೆಸ್ಟಟ್ ಅವರದ್ದೇ ಡೆಲ್ಟಾ ಎಂಬ ಎಮ್ಯುಲೇಟರ್ ಇತ್ತು, ಅದು ಸಿಗುತ್ತಿದ್ದದ್ದು ಆಲ್ಟ್‌ಸ್ಟೋರಿನಲ್ಲಿ. ಅವರು ಈ ಜಗಳಕ್ಕೆ ಹೊಸಬರೂ ಅಲ್ಲ. ಜಿಬಿಎ4ಐಒಎಸ್ ಅಂತ ಹತ್ತು ವರ್ಷದ ಹಿಂದೆ ಅವರದ್ದೇ ಇನ್ನೊಂದು ಎಮ್ಯುಲೇಟರ್ ಇತ್ತು. ಅದನ್ನು ಹಾಕಿಕೊಳ್ಳಲು ಫೋನಿನ ತಾರೀಖನ್ನೇ ಹಿಂದಕ್ಕೆ ತಿರುಗಿಸಿ, ಅವಧಿ ಮುಗಿದ ಸಹಿಯನ್ನು ಮುಗಿದಿಲ್ಲ ಅಂತ ಫೋನಿಗೆ ನಂಬಿಸಬೇಕಿತ್ತು.

2022ರ ಡಿಸೆಂಬರ್. ಸೆಕೆಂಡ್ ಹ್ಯಾಂಡ್ ಐಫೋನ್ 12, ಆಫೀಸಿನವರು ಹರಾಜು ಹಾಕಿದ ಹಳೇ ವಿಂಡೋಸ್ ಲ್ಯಾಪ್‌ಟಾಪ್. ಅರ್ಧ ಗಂಟೆಯ ಕೆಲಸ ಅಂತ ಭಾನುವಾರ ಬೆಳಗ್ಗೆ ತಿಂಡಿ ತಿಂದು ಕೂತೆ. ಎದ್ದದ್ದು ಮಧ್ಯಾಹ್ನ ಮೂರಕ್ಕೆ.

ಮೊದಲ ಕಾಟ ಐಟ್ಯೂನ್ಸಿನದು. ನನ್ನ ಲ್ಯಾಪ್‌ಟಾಪಿನಲ್ಲಿ ಐಟ್ಯೂನ್ಸ್ ಇತ್ತು, ಆದರೆ ಅದು ಮೈಕ್ರೋಸಾಫ್ಟ್ ಸ್ಟೋರಿನಿಂದ ಇಳಿಸಿದ್ದು. ಅದು ನಡೆಯುವುದಿಲ್ಲ. ಐಟ್ಯೂನ್ಸ್, ಐಕ್ಲೌಡ್ ಎರಡನ್ನೂ ತೆಗೆದು ಹಾಕಿ ಆಪಲ್‌ನ ಸೈಟಿನಿಂದಲೇ ಇಳಿಸಿದ್ದನ್ನು ಹಾಕಬೇಕು. ಆಲ್ಟ್‌ಸ್ಟೋರಿನ ಸೂಚನೆಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಓದದೆ ಮುಂದೆ ಹೋದದ್ದು ನನ್ನ ತಪ್ಪು, ಒಂದೂವರೆ ಗಂಟೆ ಹೋಯಿತು. ಆಮೇಲೆ ಆಲ್ಟ್‌ಸರ್ವರ್ ಹಾಕಿದೆ, ಏನೂ ಆಗಲಿಲ್ಲ ಅನ್ನಿಸಿತು. ಮತ್ತೆ ಹಾಕಿದೆ. ನೋಡಿದರೆ ಅದು ಕೆಳಗೆ ಗಡಿಯಾರದ ಪಕ್ಕ, ಬಾಣದ ಗುರುತಿನ ಒಳಗೆ ಬಚ್ಚಿಟ್ಟುಕೊಂಡು ಆಗಿನಿಂದ ಓಡುತ್ತಲೇ ಇತ್ತು. ಫೋನನ್ನು ಕೇಬಲ್ಲಿನಲ್ಲಿ ಸಿಕ್ಕಿಸಿ, ಕಂಪ್ಯೂಟರನ್ನು ನಂಬು ಅಂತ ಒತ್ತಿ, ಐಟ್ಯೂನ್ಸಿನಲ್ಲಿ ವೈಫೈ ಸಿಂಕ್ ಆನ್ ಮಾಡಿ, ಆ ಚಿಹ್ನೆಯಿಂದ ಆಲ್ಟ್‌ಸ್ಟೋರ್ ಕಳಿಸಬೇಕು. ಫೋನಿಗೆ ಬಂದ ಮೇಲೂ ಅದು ತಕ್ಷಣ ತೆರೆಯುವುದಿಲ್ಲ. ಸೆಟ್ಟಿಂಗ್ಸ್, ಜನರಲ್, ಅಲ್ಲಿ ವಿಪಿಎನ್ ಅಂಡ್ ಡಿವೈಸ್ ಮ್ಯಾನೇಜ್‌ಮೆಂಟ್ ಒಳಗೆ ಹೋಗಿ ನಿಮ್ಮದೇ ಇಮೇಲ್ ವಿಳಾಸವನ್ನು ನಂಬುತ್ತೇನೆ ಅಂತ ನೀವೇ ಒತ್ತಬೇಕು. ಐಒಎಸ್ 16ರಿಂದ ಇನ್ನೊಂದು ಮೆಟ್ಟಿಲು ಸೇರಿದೆ, ಡೆವಲಪರ್ ಮೋಡ್. ಪ್ರೈವಸಿ ಅಂಡ್ ಸೆಕ್ಯುರಿಟಿಯ ತೀರಾ ಕೆಳಗಿದೆ. ಆನ್ ಮಾಡಿದರೆ ಫೋನ್ ಆರಿ ಹತ್ತಿ, ನಿಜವಾಗಿಯೂ ಬೇಕಾ ಅಂತ ಮತ್ತೊಮ್ಮೆ ಕೇಳುತ್ತದೆ.

ಹಾಕುವಾಗ ಆಪಲ್ ಐಡಿ, ಪಾಸ್‌ವರ್ಡ್ ಕೇಳುತ್ತದೆ. ಇಲ್ಲಿ ಕೈ ತಡೆಯಿತು. ಪಾಸ್‌ವರ್ಡನ್ನು ಆಪಲ್‌ಗೆ ಬಿಟ್ಟು ಬೇರೆಲ್ಲೂ ಕಳಿಸುವುದಿಲ್ಲ ಎನ್ನುತ್ತಾರೆ, ಕೋಡ್ ತೆರೆದಿಟ್ಟಿರುವುದರಿಂದ ಗೊತ್ತಿರುವವರು ಪರೀಕ್ಷಿಸಬಹುದು. ನನಗೆ ಆ ಕೋಡ್ ಓದಲು ಬರುವುದಿಲ್ಲ. ಹಾಗಾಗಿ ಇದಕ್ಕೆಂದೇ ಬೇರೆ ಆಪಲ್ ಐಡಿ ಮಾಡಿಕೊಂಡೆ. ಫೋಟೋ, ಬ್ಯಾಕಪ್, ಕಾರ್ಡ್ ಎಲ್ಲ ಇರುವ ಐಡಿಯನ್ನು ಇಂಥ ಕಡೆ ಕೊಡಬೇಡಿ. ಆಲ್ಟ್‌ಸ್ಟೋರ್ ಅಂತಲ್ಲ, ಆಪಲ್‌ನದ್ದಲ್ಲದ ಯಾವುದಕ್ಕೂ.

ಮೂರು ಗಂಟೆಗೆ ಕಾಂಟ್ರಾ ಓಡಿತು. ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಇಷ್ಟು ವಯಸ್ಸಾದ ಮೇಲೂ ಮೂರನೇ ಹಂತದ ಜಲಪಾತದಲ್ಲಿ ಬಿದ್ದು ಸತ್ತೆ. (ಆಟದ ಫೈಲ್‌ಗಳನ್ನು ಎಲ್ಲಿಂದ ತಂದೆ ಎಂದು ಕೇಳಬೇಡಿ. ಡೆಲ್ಟಾದ ಜೊತೆ ಆಟ ಬರುವುದಿಲ್ಲ, ಆ ಆಟಗಳಿಗೆ ಇನ್ನೂ ಮಾಲೀಕರಿದ್ದಾರೆ.)

ಇನ್ನು ದಿನನಿತ್ಯದ ಬಳಕೆ. ಆಲ್ಟ್‌ಸ್ಟೋರ್ ತೆರೆದರೆ ಮೈ ಆಪ್ಸ್ ಅಂತ ಒಂದು ಪುಟ, ಪ್ರತಿ ಆಪ್‌ನ ಎದುರು ಇನ್ನೆಷ್ಟು ದಿನ ಅಂತ ಒಂದು ಗುಂಡಿ. ಹೊಸದಾಗಿದ್ದಾಗ ಹಸಿರು, ದಿನ ಕಳೆದ ಹಾಗೆ ಕೆಂಪು. ರಿಫ್ರೆಶ್ ಆಲ್ ಒತ್ತಿದರೆ ಮತ್ತೆ ಏಳು. ಲ್ಯಾಪ್‌ಟಾಪ್ ಆನ್ ಇದ್ದು, ಫೋನೂ ಅದೂ ಒಂದೇ ವೈಫೈಯಲ್ಲಿದ್ದರೆ ಹಿನ್ನೆಲೆಯಲ್ಲಿ ತಾನೇ ಮಾಡಿಕೊಳ್ಳುತ್ತದೆ ಅಂತ ಹೇಳುತ್ತಾರೆ. ನನ್ನ ಮನೆಯಲ್ಲಿ ಹತ್ತರಲ್ಲಿ ನಾಲ್ಕು ಸಲ ಮಾಡಿಕೊಂಡಿತು. ಉಳಿದ ಆರು ಸಲ ಸರ್ವರ್ ಸಿಗಲಿಲ್ಲ ಅಂತ ಬಂತು. ಫೈರ್‌ವಾಲಿನಲ್ಲಿ ಅನುಮತಿ ಕೊಟ್ಟೆ, ಸುಧಾರಿಸಿತು. ರೌಟರ್ ಬದಲಾಯಿಸಿದೆ, ಮತ್ತೆ ಹಾಳಾಯಿತು. ಕೊನೆಗೆ ಕೇಬಲ್ ಸಿಕ್ಕಿಸಿಯೇ ಮಾಡುವುದು ರೂಢಿಯಾಯಿತು. ಶನಿವಾರ ಸಂಜೆ ದೇವರ ದೀಪದ ಜೊತೆ ಇದೊಂದು. ಹೆಂಡತಿ "ಆಯ್ತಾ ನಿಮ್ಮ ಪೂಜೆ" ಅಂತ ಕೇಳುತ್ತಾಳೆ, ಯಾವುದು ಅಂತ ನನಗೇ ಗೊತ್ತಾಗುವುದಿಲ್ಲ.

ಆಫೀಸಿನ ವೈಫೈಯಲ್ಲಿ ಪ್ರಯತ್ನಿಸಲೂ ಹೋಗಬೇಡಿ. ಅಲ್ಲಿ ಒಂದು ಸಾಧನಕ್ಕೆ ಇನ್ನೊಂದು ಕಾಣದ ಹಾಗೆ ಕಟ್ಟಿರುತ್ತಾರೆ.

ಏಳು ದಿನದ ಜೊತೆಗೆ ಇನ್ನೊಂದು ಕಟ್ಟುಪಾಡಿದೆ. ಪುಕ್ಕಟೆ ಐಡಿಗೆ ಒಂದು ಸಲಕ್ಕೆ ಮೂರೇ ಆಪ್. ಅದರಲ್ಲಿ ಆಲ್ಟ್‌ಸ್ಟೋರೇ ಒಂದು. ಅಂದರೆ ನಿಮಗೆ ಉಳಿಯುವುದು ಎರಡು. ಅಂಗಡಿ ತೆರೆದರೆ ತಮಾಷೆಯ ಆಪ್‌ಗಳು ಬೇಕಾದಷ್ಟಿವೆ, ಸೋರ್ಸ್ ಅಂತ ಬೇರೆಯವರ ಪಟ್ಟಿಗಳನ್ನೂ ಸೇರಿಸಿಕೊಳ್ಳಬಹುದು, ಆದರೆ ಜಾಗ ಇರುವುದು ಎರಡಕ್ಕೆ. ಮೂರನೆಯದು ಬೇಕಾದರೆ ಇರುವುದರಲ್ಲಿ ಒಂದನ್ನು ಮಲಗಿಸಬೇಕು. ಮಲಗಿಸುವಾಗ ಅದರ ಡೇಟಾ ಕಾಪಾಡಿ ಇಡುತ್ತದೆ, ಎಬ್ಬಿಸಿದಾಗ ಎಲ್ಲ ಹಾಗೇ ಇರುತ್ತದೆ. ಈ ಭಾಗ ಮಾತ್ರ ಬಹಳ ಚೆನ್ನಾಗಿ ಮಾಡಿದ್ದಾರೆ. ಇದು ಸಾಲದು ಅಂತ ವಾರಕ್ಕೆ ಹತ್ತು ಹೊಸ ಆಪ್ ಐಡಿ (ಒಂದೊಂದು ಆಪ್‌ಗೂ ಆಪಲ್‌ನಲ್ಲಿ ದಾಖಲಾಗುವ ಗುರುತು) ಮಾತ್ರ ಎಂಬ ಇನ್ನೊಂದು ಮಿತಿಯೂ ಇದೆ. ಸುಮ್ನೆ ಅದು ಇದು ಹಾಕಿ ತೆಗೆದು ನೋಡುವ ಚಪಲದವರು ಬೇಗ ಅಲ್ಲಿಗೆ ಮುಟ್ಟುತ್ತಾರೆ. ನಾನು ಮೊದಲ ವಾರವೇ ಮುಟ್ಟಿದೆ. ಮತ್ತೆ, ಹೀಗೆ ಹಾಕಿದ ಆಪ್‌ಗಳಿಗೆ ಪುಶ್ ನೋಟಿಫಿಕೇಶನ್ ಬರುವುದಿಲ್ಲ. ವಾಟ್ಸ್ಆಪ್‌ನ ತಿದ್ದಿದ ಆವೃತ್ತಿ ಹಾಕಿಕೊಳ್ಳುತ್ತೇನೆ ಅಂತ ಹೊರಟ ಗೆಳೆಯನಿಗೆ ಮೂರು ದಿನ ಯಾರ ಮೆಸೇಜೂ ಗೊತ್ತಾಗಲಿಲ್ಲ. ಅಂಥದ್ದನ್ನು ಹಾಕಲೇಬಾರದು, ಅದು ಬೇರೆ ವಿಷಯ.

ಈ ಮಿತಿಗಳನ್ನೆಲ್ಲ ಹಾಕಿದವರು ಆಪಲ್‌ನವರು, ಆಲ್ಟ್‌ಸ್ಟೋರ್ ಅಲ್ಲ. ವರ್ಷಕ್ಕೆ 99 ಡಾಲರ್ ಕಟ್ಟಿ ಡೆವಲಪರ್ ಆಗಿ ನೋಂದಾಯಿಸಿಕೊಂಡರೆ ಏಳು ದಿನದ ಬದಲು ಒಂದು ವರ್ಷ ಸಿಗುತ್ತದೆ. ನಮ್ಮ ಲೆಕ್ಕದಲ್ಲಿ ಎಂಟು ಒಂಬತ್ತು ಸಾವಿರ ರೂಪಾಯಿ. ಕಾಂಟ್ರಾ ಆಡಲು ಅಷ್ಟು ಕೊಡುವವನು ನಾನಲ್ಲ.

ಅಷ್ಟರಲ್ಲಿ ಒಂದು ವಿಚಿತ್ರ ಆಯಿತು. 2024ರ ಏಪ್ರಿಲ್‌ನಲ್ಲಿ ಆಪಲ್ ಮನಸ್ಸು ಬದಲಿಸಿ ಹಳೇ ಆಟಗಳ ಎಮ್ಯುಲೇಟರುಗಳನ್ನು ಒಳಗೆ ಬಿಟ್ಟಿತು. ಏಪ್ರಿಲ್ 17ಕ್ಕೆ ಡೆಲ್ಟಾ ಆಪ್ ಸ್ಟೋರಿಗೇ ಬಂತು. ಪುಕ್ಕಟೆ. ಒಂದು ಒತ್ತು, ಇಪ್ಪತ್ತು ಸೆಕೆಂಡು, ಮುಗಿಯಿತು. ಒಂದೂವರೆ ವರ್ಷ ಪ್ರತಿ ಶನಿವಾರ ಕೇಬಲ್ ಹಿಡಿದು ಕೂತವನಿಗೆ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು. ಅಲ್ಲ, ನಿನ್ನೆಯವರೆಗೆ ಫೋನಿಗೆ ಅಪಾಯ ಅಂತಿದ್ದದ್ದು ಇವತ್ತು ಅವರದೇ ಅಂಗಡಿಯ ಮುಂದಿನ ಸಾಲಿನಲ್ಲಿ! ಹಾಗಾಗಿ ಬರೀ ಹಳೇ ಆಟಕ್ಕಾಗಿ ಆಲ್ಟ್‌ಸ್ಟೋರ್ ಹಾಕಬೇಕು ಅಂದುಕೊಂಡವರು ಇಲ್ಲಿಗೇ ಓದು ನಿಲ್ಲಿಸಬಹುದು. ನಿಮಗೆ ಇದು ಬೇಡ.

ನಾನು ತೆಗೆದು ಹಾಕುವವನಿದ್ದೆ. ಉಳಿಸಿಕೊಂಡದ್ದು ಅಕ್ಕನ ಮಗಳಿಗಾಗಿ. ಅವಳು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಕಾಲೇಜಿನ ಲ್ಯಾಬಿನ ಮ್ಯಾಕ್‌ನಲ್ಲಿ ಪ್ರಾಜೆಕ್ಟಿಗೆ ಅಂತ ಒಂದು ಆಪ್ ಬರೆದಳು. ಅಡಿಕೆ ಕೊಯ್ಲಿನ ಲೆಕ್ಕದ ಆಪ್. ಯಾವ ದಿನ ತೋಟದ ಯಾವ ತುಂಡಿನಲ್ಲಿ ಎಷ್ಟು ಕೊನೆ (ಅಡಿಕೆ ಗೊಂಚಲು) ಇಳಿಯಿತು, ಯಾರು ಬಂದಿದ್ದರು, ಸುಲಿಯುವವರಿಗೆ ಎಷ್ಟು ಡಬ್ಬ ಆಯಿತು, ಯಾರಿಗೆ ಎಷ್ಟು ಕೊಡಬೇಕು. ಕನ್ನಡದಲ್ಲೇ, ದೊಡ್ಡ ಅಕ್ಷರ, ಬಿಸಿಲಲ್ಲೂ ಕಾಣುವ ಹಾಗೆ. ಇಂಥದ್ದು ಯಾವ ಸ್ಟೋರಿನಲ್ಲೂ ಇಲ್ಲ, ಇದ್ದರೂ ನಮ್ಮ ಸಾಗರದ ಕಡೆಯ ಲೆಕ್ಕಕ್ಕೆ ಹೊಂದುವುದಿಲ್ಲ. "ಮಾವ, ನಿನ್ನ ಫೋನಲ್ಲಿ ಹಾಕಿ ನೋಡು" ಅಂತ ಐಪಿಎ ಫೈಲ್ ಕಳಿಸಿದಳು. ಆಲ್ಟ್‌ಸ್ಟೋರಿನಲ್ಲಿ ಪ್ಲಸ್ ಗುರುತು ಒತ್ತಿ ಫೈಲ್ ಆರಿಸಿದೆ, ಒಂದು ನಿಮಿಷದಲ್ಲಿ ಬಂತು. ಇಪ್ಪತ್ತು ವರ್ಷದ ಹುಡುಗಿ ಬರೆದ ಆಪ್ ಅವಳ ಮಾವನ ಫೋನಿಗೆ ಬರಲು ಕ್ಯಾಲಿಫೋರ್ನಿಯಾದವರ ಪರೀಕ್ಷೆ ಬೇಕಾಗಲಿಲ್ಲ. ಆಲ್ಟ್‌ಸ್ಟೋರ್ ಮೇಲೆ ನನಗೆ ನಿಜವಾದ ಪ್ರೀತಿ ಹುಟ್ಟಿದ್ದು ಅವತ್ತು.

2024ರ ಡಿಸೆಂಬರಿನಲ್ಲಿ ರಜೆ ಹಾಕಿ ಕೊಯ್ಲಿಗೆ ಊರಿಗೆ ಹೋದೆ. ಹತ್ತು ದಿನ. ಲ್ಯಾಪ್‌ಟಾಪ್ ಬೆಂಗಳೂರಿನಲ್ಲೇ ಬಿಟ್ಟೆ. ಹೊರಡುವ ದಿನ ಬೆಳಗ್ಗೆ ರಿಫ್ರೆಶ್ ಮಾಡಿಕೊಂಡೇ ಹೋಗಿದ್ದೆ, ಏಳು ಅಂತ ಹಸಿರು ತೋರಿಸುತ್ತಿತ್ತು. ಏಳು ದಿನ ಅದ್ಭುತವಾಗಿ ನಡೆಯಿತು. ಕೊನೆ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ಹಾರುವುದು, ಕೆಳಗೆ ಹಗ್ಗ ಹಿಡಿದವರು ಕೊನೆ ಇಳಿಸುವುದು, ನಾನು ತೋಟದ ಬದುವಿನಲ್ಲಿ ನಿಂತು ಒತ್ತುತ್ತಾ ಹೋಗುವುದು. ಅಪ್ಪ ನೋಡಿ "ಒಳ್ಳೇ ಆಟ" ಎಂದರು. ಎಂಟನೇ ದಿನ ಸಂಜೆ, ಎಲ್ಲರೂ ಚಾ ಕುಡಿಯುತ್ತಿದ್ದಾಗ, ಆಪ್ ಒತ್ತಿದರೆ ಇದು ಇನ್ನು ಲಭ್ಯವಿಲ್ಲ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು. ಒಳಗೆ ಏಳು ದಿನದ ಲೆಕ್ಕ. ಎದುರಿಗೆ ದುಡ್ಡಿಗೆ ಕಾದು ಕೂತವರು ಒಂಬತ್ತು ಜನ.

ಡೇಟಾ ಎಲ್ಲೂ ಹೋಗಿರುವುದಿಲ್ಲ, ಮತ್ತೆ ಸಹಿ ಹಾಕಿದರೆ ಹಾಗೇ ತೆರೆದುಕೊಳ್ಳುತ್ತದೆ, ನನಗೆ ಗೊತ್ತಿತ್ತು. (ಗಾಬರಿಯಲ್ಲಿ ಆಪ್ ಡಿಲೀಟ್ ಮಾಡಬೇಡಿ. ಆಗ ನಿಜವಾಗಿ ಹೋಗುತ್ತದೆ.) ಆದರೆ ಸಹಿ ಹಾಕುವ ಲ್ಯಾಪ್‌ಟಾಪ್ ಮುನ್ನೂರು ಚಿಲ್ಲರೆ ಕಿಲೋಮೀಟರ್ ಆಚೆ. ಆಲ್ಟ್‌ಸ್ಟೋರ್ ಕೂಡ ಸತ್ತಿತ್ತು, ಅದಕ್ಕೂ ಅದೇ ಏಳು ದಿನ. ಊರಲ್ಲಿ ಯಾರದಾದರೂ ಕಂಪ್ಯೂಟರಿಗೆ ಹಾಕೋಣ ಎಂದರೆ ಆ ಐಟ್ಯೂನ್ಸ್, ಐಕ್ಲೌಡ್ ಇಳಿಸುವಷ್ಟು ನೆಟ್‌ವರ್ಕ್ ಎಲ್ಲಿದೆ? ನಾನು ಹೀಗೆ ಮುಖ ಒಣಗಿಸಿಕೊಂಡು ನಿಂತಿದ್ದಾಗ ಅಪ್ಪ ಒಳಗೆ ಹೋಗಿ ಗೋಡೆಯ ಕ್ಯಾಲೆಂಡರ್ ತಂದರು. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಎಂಟೂ ದಿನದ ಲೆಕ್ಕ, ಹೆಸರಿನ ಸಮೇತ. ನಾನು ಒತ್ತುತ್ತಿದ್ದಷ್ಟು ದಿನವೂ ಅವರು ಬರೆಯುತ್ತಲೇ ಇದ್ದರಂತೆ. ಬೆಂಗಳೂರಿಗೆ ಬಂದು ಸಹಿ ಹಾಕಿ ತೆರೆದು ತಾಳೆ ನೋಡಿದೆ. ಎರಡು ಕಡೆ ವ್ಯತ್ಯಾಸ ಇತ್ತು. ಎರಡೂ ಕಡೆ ತಪ್ಪು ನನ್ನದೇ.

ಈ ಅವಮಾನದ ನಂತರ ಹುಡುಕಿದ್ದು ಸೈಡ್‌ಸ್ಟೋರ್. ಆಲ್ಟ್‌ಸ್ಟೋರಿನ ಕೋಡನ್ನೇ ತೆಗೆದುಕೊಂಡು ಬೇರೆಯವರು ಮಾಡಿದ್ದು. ಮೊದಲ ಸಲ ಮಾತ್ರ ಕಂಪ್ಯೂಟರ್ ಬೇಕು. ಫೋನೂ ಕಂಪ್ಯೂಟರೂ ಪರಿಚಯ ಮಾಡಿಕೊಂಡ ಗುರುತಿನ ಫೈಲ್ ಒಂದನ್ನು ಫೋನಿಗೇ ಕೊಟ್ಟುಬಿಡಬೇಕು, ಅದಕ್ಕೆ ಪೇರಿಂಗ್ ಫೈಲ್ ಎನ್ನುತ್ತಾರೆ. ಆಮೇಲೆ ಫೋನಿನೊಳಗೇ ಒಂದು ವಿಪಿಎನ್ ಹಚ್ಚಿ, ಫೋನು ತನ್ನ ಜೊತೆ ತಾನೇ ಮಾತಾಡಿಕೊಂಡು, ಆಚೆ ಕಂಪ್ಯೂಟರ್ ಇದೆ ಅಂತ ತಾನೇ ನಂಬುತ್ತದೆ. ಕೇಳಲು ಹುಚ್ಚಾಟ ಅನ್ನಿಸುತ್ತದೆ, ಕೆಲಸ ಮಾಡುತ್ತದೆ. ಈ ವರ್ಷದ ಕೊಯ್ಲಿನಲ್ಲಿ ತೋಟದ ಮೇಲಿನ ದಿಬ್ಬ ಹತ್ತಿ, ಎರಡು ಕಡ್ಡಿ ಸಿಗ್ನಲ್ ಹಿಡಿದು ರಿಫ್ರೆಶ್ ಮಾಡಿದ್ದೇನೆ. ಮೂರು ಆಪ್ ಮಿತಿ ಇಲ್ಲೂ ಇದೆ, ಏಳು ದಿನವೂ ಇದೆ. ಐಒಎಸ್ ಅಪ್‌ಡೇಟ್ ಆದರೆ ಪೇರಿಂಗ್ ಫೈಲ್ ಮತ್ತೆ ಮಾಡಬೇಕಾಗುತ್ತದೆ. ಆಲ್ಟ್‌ಸ್ಟೋರಿನಷ್ಟು ನಯವಾಗಿಲ್ಲ, ತಪ್ಪಿನ ಸಂದೇಶಗಳು ಯಾರಿಗೂ ಅರ್ಥವಾಗುವ ಹಾಗಿಲ್ಲ. ಆದರೂ ಊರು ಓಡಾಡುವವರಿಗೆ ನಾನು ಹೇಳುವುದು ಸೈಡ್‌ಸ್ಟೋರನ್ನೇ.

ಟ್ರಾಲ್‌ಸ್ಟೋರ್ ಅಂತ ಇನ್ನೊಂದಿದೆ, ಅದರಲ್ಲಿ ಹಾಕಿದ ಆಪ್‌ಗೆ ವಾಯಿದೆಯೇ ಇಲ್ಲ, ಶಾಶ್ವತ. ಐಒಎಸ್‌ನ ಸಹಿ ಪರೀಕ್ಷೆಯಲ್ಲಿದ್ದ ಒಂದು ತಪ್ಪಿನ ಮೇಲೆ ನಿಂತಿದೆ. ಐಒಎಸ್ 17.0 ದಾಟಿದವರಿಗೆ ಅದಿಲ್ಲ. ನಾನು ಯಾವತ್ತೋ ರಾತ್ರಿ ಮಲಗುವಾಗ ಅಪ್‌ಡೇಟ್ ಒತ್ತಿ ಆ ಗೆರೆ ದಾಟಿಬಿಟ್ಟಿದ್ದೆ. ಹಿಂದಕ್ಕೆ ಹೋಗಲು ಆಪಲ್ ಬಿಡುವುದಿಲ್ಲ.

ದುಡ್ಡು ಕೊಟ್ಟು ಸಹಿ ಕೊಳ್ಳುವ ದಾರಿಯೂ ನೋಡಿದ್ದೇನೆ. ಟೆಲಿಗ್ರಾಂನಲ್ಲಿ ಒಬ್ಬ, ಹೆಸರು ಬೇಡ, ಒಂಬೈನೂರು ರೂಪಾಯಿಗೆ ಒಂದು ವರ್ಷದ ಸರ್ಟಿಫಿಕೇಟ್ ಅಂದ. ಹದಿನೇಳು ದಿನಕ್ಕೆ ಆಪ್‌ಗಳೆಲ್ಲ ಒಟ್ಟಿಗೆ ಮಲಗಿದವು. ಕೇಳಿದರೆ "ರಿವೋಕ್ ಆಗಿದೆ ಬ್ರೋ" ಎಂದ. ಆಮೇಲೆ ಉತ್ತರವಿಲ್ಲ. ಈ ವ್ಯಾಪಾರ ನಡೆಯುವುದು ಹೀಗೆ: 99 ಡಾಲರ್ ಕಟ್ಟಿದ ಒಂದು ಡೆವಲಪರ್ ಖಾತೆಗೆ ವರ್ಷಕ್ಕೆ ನೂರು ಐಫೋನುಗಳನ್ನು ಪರೀಕ್ಷೆಗೆ ಅಂತ ಸೇರಿಸಬಹುದು. ಆ ನೂರು ಜಾಗಗಳನ್ನು ಚಿಲ್ಲರೆಯಾಗಿ ಮಾರುತ್ತಾರೆ. ಇನ್ನು ಕೆಲವರು ದೊಡ್ಡ ಕಂಪನಿಗಳು ತಮ್ಮ ನೌಕರರಿಗೆ ಬಳಸುವ ಎಂಟರ್‌ಪ್ರೈಸ್ ಸಹಿ ತಂದು ಮಾರುತ್ತಾರೆ. ಆಪಲ್ ಅದನ್ನು ಯಾವಾಗ ಬೇಕಾದರೂ ರದ್ದು ಮಾಡಬಹುದು. 2019ರ ಜನವರಿ ಕೊನೆಯಲ್ಲಿ ಫೇಸ್‌ಬುಕ್‌ನ ಅಂಥ ಸಹಿಯನ್ನೇ ಆಪಲ್ ರದ್ದು ಮಾಡಿ, ಅವರ ನೌಕರರ ಒಳ ಆಪ್‌ಗಳೆಲ್ಲ ನಿಂತುಹೋಗಿದ್ದವು. ಅದರ ಬೆನ್ನಿಗೇ ಗೂಗಲ್‌ನದ್ದೂ. ಅವರ ಕಥೆಯೇ ಹಾಗಾದರೆ ಟೆಲಿಗ್ರಾಂ ಬ್ರೋ ಯಾವ ಲೆಕ್ಕ. ಒಂಬೈನೂರಕ್ಕೆ ಎರಡು ಹೊತ್ತು ಹೊಟ್ಟೆ ತುಂಬ ಬಾಳೆ ಎಲೆ ಊಟ ಆಗುತ್ತಿತ್ತು.

ಹೊಟ್ಟೆ ಉರಿಸುವ ಇನ್ನೊಂದು ಸಂಗತಿ. ನನ್ನ ಭಾವಮೈದ ಮ್ಯೂನಿಕ್‌ನಲ್ಲಿದ್ದಾನೆ. ಯುರೋಪ್ ಒಕ್ಕೂಟದ ಡಿಜಿಟಲ್ ಮಾರ್ಕೆಟ್ಸ್ ಆಕ್ಟ್ ಪ್ರಕಾರ ಆಪಲ್ 2024ರ ಮಾರ್ಚಿನಿಂದ, ಐಒಎಸ್ 17.4ರಲ್ಲಿ, ಅಲ್ಲಿನವರಿಗೆ ಬೇರೆ ಅಂಗಡಿಗಳನ್ನು ಬಿಡಲೇಬೇಕಾಯಿತು. ಏಪ್ರಿಲ್‌ನಲ್ಲಿ ಆಲ್ಟ್‌ಸ್ಟೋರ್ ಪಾಲ್ ಅಂತ ಅಧಿಕೃತ ಆವೃತ್ತಿ ಬಂತು. ಮೊದಲು ವರ್ಷಕ್ಕೆ ಒಂದೂವರೆ ಯೂರೋ ಇತ್ತು, ಪ್ರತಿ ಇನ್‌ಸ್ಟಾಲಿಗೆ ಆಪಲ್ ಅರ್ಧ ಯೂರೋ ಶುಲ್ಕ ಹಾಕುತ್ತಿದ್ದದ್ದಕ್ಕೆ. ಆಮೇಲೆ ಫೋರ್ಟ್‌ನೈಟ್ ಆಟದ ಎಪಿಕ್ ಕಂಪನಿ ಧನಸಹಾಯ ಕೊಟ್ಟು ಅದೂ ಪುಕ್ಕಟೆಯಾಯಿತು. ಅವನಿಗೆ ಕೇಬಲ್ ಇಲ್ಲ, ಲ್ಯಾಪ್‌ಟಾಪ್ ಇಲ್ಲ, ಏಳು ದಿನ ಇಲ್ಲ, ಡೆವಲಪರ್ ಮೋಡ್ ಇಲ್ಲ. ಎಚ್ಚರಿಕೆಯ ಒಂದೆರಡು ಪುಟ ದಾಟಿ ಒತ್ತಿದರೆ ಬಂತು. ಮದುವೆಗೆ ಬೆಂಗಳೂರಿಗೆ ಬಂದಾಗ ಅವನ ಫೋನು, ನನ್ನ ಫೋನು ಪಕ್ಕಪಕ್ಕ ಇಟ್ಟು ನೋಡಿದೆ. ಅದೇ ಐಫೋನ್, ಅದೇ ಐಒಎಸ್. ನನ್ನದರಲ್ಲಿ ಆ ಅಂಗಡಿ ಹಾಕಲು ಹೋದರೆ ಮುಂದಕ್ಕೇ ಹೋಗಲಿಲ್ಲ. ಖಾತೆಯ ದೇಶವೂ ಅಲ್ಲಿಯದಾಗಿರಬೇಕು, ಮನುಷ್ಯನೂ ಅಲ್ಲಿರಬೇಕು. ಅವನಿಗೂ ಯುರೋಪಿನ ಹೊರಗೆ ಜಾಸ್ತಿ ದಿನ ಇದ್ದರೆ ಆ ಆಪ್‌ಗಳ ಅಪ್‌ಡೇಟ್ ನಿಲ್ಲುತ್ತದೆ. ವ್ಯಾಪಾರದ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡುವ ನಮ್ಮ ಕಾಂಪಿಟಿಶನ್ ಕಮಿಷನ್ ಕೂಡ ಆಪ್ ಸ್ಟೋರ್ ನಡವಳಿಕೆ ಮೇಲೆ 2021ರ ಡಿಸೆಂಬರ್ 31ಕ್ಕೆ ತನಿಖೆಗೆ ಆದೇಶ ಮಾಡಿದೆ. ನಾನು ಅದನ್ನು ನಂಬಿ ಕೇಬಲ್ ಬಿಸಾಡಿಲ್ಲ.

ಬೀಗ ಪೂರಾ ಕೆಟ್ಟದ್ದು ಅಂತಲೂ ನಾನು ಹೇಳುವುದಿಲ್ಲ. ಅಮ್ಮನದ್ದು ಆಂಡ್ರಾಯ್ಡ್ ಫೋನು. ಹೋದ ವರ್ಷ ಪರಿಚಯದವರ ನಂಬರಿನಿಂದಲೇ ಮದುವೆ ಕರೆಯೋಲೆ ಅಂತ ಒಂದು ಫೈಲ್ ಬಂತು. ನೋಡಿದರೆ ಎಪಿಕೆ. ಫೋನ್ ಏನೋ ಕೇಳ್ತಾ ಇದೆ, ಹೌದು ಅನ್ನಲಾ ಅಂತ ಅಮ್ಮ ನನಗೆ ಫೋನ್ ಮಾಡಿದ್ದು ಪುಣ್ಯ. ಒತ್ತಿದ್ದರೆ ಎಸ್ಸೆಮ್ಮೆಸ್ಸು, ಓಟಿಪಿ ಎಲ್ಲ ಕಂಡವರ ಕೈಗೆ. ಟ್ರಾಫಿಕ್ ಚಲನ್, ಪಿಎಂ ಕಿಸಾನ್ ಹೆಸರಿನಲ್ಲೂ ಇದೇ ಆಟ ನಡೆಯುತ್ತಿದೆ. ಆ ಕಾರಣ ಹೇಳಿಯೇ ಗೂಗಲ್ ಕೂಡ ಈಗ ಬಾಗಿಲು ಕಿರಿದು ಮಾಡುತ್ತಿದೆ. ಪ್ಲೇ ಸ್ಟೋರಿನ ಹೊರಗಿನ ಆಪ್ ಆದರೂ ಬರೆದವರ ಗುರುತು ಅವರಲ್ಲಿ ನೋಂದಣಿಯಾಗಿರಬೇಕು ಅಂತ 2025ರ ಆಗಸ್ಟಿನಲ್ಲಿ ಘೋಷಿಸಿದರು. 2026ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಾಪುರ, ಥಾಯ್ಲೆಂಡ್‌ನಿಂದ ಶುರು, ಆಮೇಲೆ ಉಳಿದ ಕಡೆ. ಗಲಾಟೆ ಆದ ಮೇಲೆ, ತಿಳಿದವರಿಗೆ ಬೇರೆ ದಾರಿ ಇಡುತ್ತೇವೆ ಎಂದಿದ್ದಾರೆ. ಅಮ್ಮನಿಗೆ ಈ ಬೀಗ ಬೇಕು. ನನ್ನ ಅಕ್ಕನ ಮಗಳಿಗೆ ಬೇಡ. ಇಬ್ಬರಿಗೂ ಒಂದೇ ಬೀಗ ಹಾಕಿ ಕೀಲಿ ತಾವೇ ಇಟ್ಟುಕೊಳ್ಳುತ್ತಾರಲ್ಲ, ನನ್ನ ತಕರಾರು ಅಲ್ಲಿ.

ಸರಿ, ಹಾಕಬೇಕಾ ಬೇಡವಾ? ಮನೆಯಲ್ಲಿ ಕಂಪ್ಯೂಟರ್ ಇದ್ದು, ಸ್ಟೋರಿನಲ್ಲಿ ಸಿಗದ ಒಂದೋ ಎರಡೋ ಆಪ್ ನಿಜವಾಗಿ ಬೇಕಿದ್ದು, ವಾರಕ್ಕೊಮ್ಮೆ ಐದು ನಿಮಿಷ ಕೊಡುವ ಸಹನೆ ಇದ್ದರೆ ಹಾಕಿ. ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಳೆದದ್ದು ಆ ಮಾತು ಕೇಳದ ವೈಫೈ ರಿಫ್ರೆಶ್‌ಗೆ. ಜಾಹೀರಾತಿಲ್ಲದ ಯೂಟ್ಯೂಬ್ ಬೇಕು ಅಂತ ಬರುವವರು ಬೇರೆ ಕಡೆ ಹೋಗಿ, ಅದರ ಬಗ್ಗೆ ನಾನು ಹೇಳುವುದಿಲ್ಲ. ಮುಖ್ಯ ಕೆಲಸದ ಲೆಕ್ಕವನ್ನು ಮಾತ್ರ ಇಂಥ ಆಪ್ ಒಂದರಲ್ಲೇ ಇಡಬೇಡಿ.

ಅಕ್ಕನ ಮಗಳು ಈಗ ಆ 99 ಡಾಲರ್ ಕಟ್ಟಿ ಆಪನ್ನು ಸ್ಟೋರಿಗೇ ಹಾಕುತ್ತೇನೆ ಅಂತ ಹೊರಟಿದ್ದಾಳೆ. ಅರ್ಧ ನಾನು ಕೊಡುತ್ತೇನೆ, ಉಳಿದದ್ದು ಅಜ್ಜನ ಹತ್ತಿರ ಕೇಳು ಎಂದೆ. ಕೇಳಿದಳಂತೆ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಎಲ್ಲ ಕೇಳಿಸಿಕೊಂಡು, "ಎಂತಕ್ಕೆ, ಕ್ಯಾಲೆಂಡರಲ್ಲಿ ಜಾಗ ಮುಗೀತಾ?" ಎಂದರಂತೆ.